ಜಾಕ್ ಚಾರ್ಲ್ಸ್: ಕದ್ದವರ ನಾಡಿನಲ್ಲಿ ಕಳ್ಳ ಅನಿಸಿಕೊಂಡ ನಟ

ಇವತ್ತು ನಾನು ನಿಮಗೆ ಆಸ್ಟ್ರೇಲಿಯಾದ ಒಬ್ಬ ನಟನ ಕಥೆ ಹೇಳ್ತೀನಿ. ಹೆಸರು ಜಾಕ್ ಚಾರ್ಲ್ಸ್. ರಂಗಭೂಮಿ, ಟೀವಿ, ಸಿನಿಮಾ ಮೂರರಲ್ಲೂ ಐವತ್ತು ವರ್ಷ ಕೆಲಸ ಮಾಡಿದ ಮನುಷ್ಯ. ಅದೇ ಅವಧಿಯಲ್ಲಿ 22 ಸಲ ಜೈಲಿಗೆ ಹೋಗಿಬಂದ ಮನುಷ್ಯ ಕೂಡ.

ಕಥೆಯನ್ನ ಒಂದು ಜಾಗದಿಂದ ಶುರು ಮಾಡೋಣ. ಸಿಡ್ನಿ ಒಪೇರಾ ಹೌಸ್ ನೀವೆಲ್ಲ ಫೋಟೋದಲ್ಲಿ ನೋಡಿರ್ತೀರಿ. ನೀರಿನ ಅಂಚಲ್ಲಿ ಬಿಳಿ ಹಾಯಿಗಳ ಹಾಗೆ ನಿಂತಿರೋ ಕಟ್ಟಡ. ಅದು ನಿಂತಿರೋ ಜಾಗದ ಹೆಸರು ಬೆನ್ನೆಲಾಂಗ್ ಪಾಯಿಂಟ್. ಯಾರು ಈ ಬೆನ್ನೆಲಾಂಗ್? ಬ್ರಿಟಿಷರು ಆಸ್ಟ್ರೇಲಿಯಾದಲ್ಲಿ ಬಂದಿಳಿದ ಮರುವರ್ಷ, 1789ರಲ್ಲಿ, ಗವರ್ನರ್ ಆರ್ಥರ್ ಫಿಲಿಪ್‌ನ ಆದೇಶದ ಮೇಲೆ ಸೈನಿಕರು ಹಿಡಿದು ತಂದ ಅಲ್ಲಿನ ಮೂಲನಿವಾಸಿ. ಅವನಿಂದ ಇಲ್ಲಿನ ಭಾಷೆ, ರೀತಿ ರಿವಾಜು ಕಲೀಬೇಕು ಅನ್ನೋದು ಗವರ್ನರ್ ಲೆಕ್ಕಾಚಾರ. ಬೆನ್ನೆಲಾಂಗ್ ತಪ್ಪಿಸಿಕೊಂಡು ಹೋದ, ಮತ್ತೆ ಬಂದ, ಇಂಗ್ಲಿಷ್ ಕಲಿತ. ಅವನಿಗೆ ಅಂತ ಗವರ್ನರ್ ಒಂದು ಚಿಕ್ಕ ಮನೆ ಕಟ್ಟಿಸಿಕೊಟ್ಟ. ಆ ಮನೆ ಇದ್ದ ಜಾಗವೇ ಈ ಬೆನ್ನೆಲಾಂಗ್ ಪಾಯಿಂಟ್. 1792ರಲ್ಲಿ ಅವನನ್ನ ಹಡಗು ಹತ್ತಿಸಿ ಇಂಗ್ಲೆಂಡಿಗೂ ಕರ್ಕೊಂಡು ಹೋದ್ರು. ಮೂರು ವರ್ಷ ಆದ್ಮೇಲೆ ವಾಪಸ್ ಬಂದ.

ಒಪೇರಾ ಹೌಸ್ ಉದ್ಘಾಟನೆ ಆಗಿದ್ದು 1973ರಲ್ಲಿ. ಮರುವರ್ಷ ಅಲ್ಲೊಂದು ನಾಟಕ ಆಯ್ತು, 'ಕ್ರೇಡಲ್ ಆಫ್ ಹರ್ಕ್ಯುಲಿಸ್' ಅಂತ. ಬ್ರಿಟಿಷರು ಬಂದಿಳಿದ ಕಾಲದ ಕಥೆ. ಬೆನ್ನೆಲಾಂಗನ ನೆಲದ ಮೇಲೆ ಕಟ್ಟಿದ ರಂಗಮಂದಿರದಲ್ಲಿ, ಬೆನ್ನೆಲಾಂಗನ ಪಾತ್ರ ಮಾಡಿದ್ದು ಜಾಕ್ ಚಾರ್ಲ್ಸ್. ಆಗ ಅವರಿಗೆ ಮೂವತ್ತು ವರ್ಷ. ಐದಡಿ ಆಸುಪಾಸಿನ ಕುಳ್ಳ ದೇಹ, ದೊಡ್ಡ ಗುಂಗುರು ಕೂದಲು, ಇಡೀ ಸಭಾಂಗಣ ತುಂಬೋ ಕಂಚಿನ ಕಂಠ. ಹಿಡಿದು ತಂದವರ ಭಾಷೆಯನ್ನ ಮಾತಾಡೋಕೆ ಕಲಿತ ಬೆನ್ನೆಲಾಂಗನ ಪಾತ್ರವನ್ನ ಅರ್ಥ ಮಾಡಿಕೊಳ್ಳೋಕೆ ಈ ನಟ ಪುಸ್ತಕ ಓದಬೇಕಾಗಿರಲಿಲ್ಲ. ಯಾಕೆ ಅಂತ ಈಗ ಹೇಳ್ತೀನಿ.

ನಾಲ್ಕು ತಿಂಗಳ ಕೂಸು

ಜಾಕ್ ಹುಟ್ಟಿದ್ದು 1943ರ ಸೆಪ್ಟೆಂಬರ್ 5ರಂದು, ಮೆಲ್ಬರ್ನ್‌ನಲ್ಲಿ. ತಾಯಿ ಅಬೊರಿಜಿನಲ್ ಹೆಣ್ಣುಮಗಳು, ಇನ್ನೂ ಹದಿಹರೆಯ. ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಸರ್ಕಾರ ಅದನ್ನ ತಾಯಿಯಿಂದ ಕಿತ್ತುಕೊಂಡಿತು. ಆ ತಾಯಿ ತಪ್ಪು ಮಾಡಿದ್ದಕ್ಕಲ್ಲ, ಮಗು ಅನಾಥ ಅಂತಲೂ ಅಲ್ಲ. ಅಬೊರಿಜಿನಲ್ ಮಗು, ಬಿಳಿಯರ ನಡುವೆ ಬೆಳೀಲಿ ಅಂತ. ಆ ತಾಯಿಗೆ ಮುಂದೆ ಹುಟ್ಟಿದವರನ್ನೂ ಸೇರಿಸಿ ಒಟ್ಟು 11 ಮಕ್ಕಳನ್ನ ಹೀಗೇ ತಗೊಂಡು ಹೋದ್ರು.

ಇದು ಯಾರೋ ಒಬ್ಬ ಕೆಟ್ಟ ಅಧಿಕಾರಿಯ ಕೆಲಸ ಅಲ್ಲ, ಕಾನೂನು. ವಿಕ್ಟೋರಿಯಾ ರಾಜ್ಯದಲ್ಲಿ ಅದರ ಬೇರು 19ನೇ ಶತಮಾನಕ್ಕೇ ಹೋಗುತ್ತೆ. ಅಲ್ಲಿ ಕೊರಾಂಡರ್ಕ್ ಅಂತ ಒಂದು ಜಾಗ ಇತ್ತು, ಮೆಲ್ಬರ್ನ್‌ನಿಂದ ಸ್ವಲ್ಪ ದೂರದಲ್ಲಿ. ನೆಲ ಕಳಕೊಂಡ ಅಬೊರಿಜಿನಲ್ ಜನ 1863ರಲ್ಲಿ ಅಲ್ಲಿ ನೆಲೆ ನಿಂತರು. ಕಾಡು ಕಡಿದು ಹೊಲ ಮಾಡಿದರು, ಬಿಯರ್‌ಗೆ ಹಾಕೋ ಹಾಪ್ಸ್ ಬೆಳೆದು ಹೆಸರು ಮಾಡಿದರು. ಭೂಮಿಗೆ ಬೆಲೆ ಬಂತು ನೋಡಿ, ಆಗ ಅವರನ್ನ ಅಲ್ಲಿಂದ ಎಬ್ಬಿಸೋ ಮಾತು ಶುರುವಾಯ್ತು. ಆ ಜನ ಸುಮ್ಮನೆ ಕೂರಲಿಲ್ಲ. ವಿಲಿಯಂ ಬರಾಕ್ ಅನ್ನೋ ಹಿರಿಯನ ಮುಂದಾಳತ್ವದಲ್ಲಿ ಮೆಲ್ಬರ್ನ್‌ಗೆ ಕಾಲ್ನಡಿಗೆಯಲ್ಲಿ ಹೋಗಿ ಮಂತ್ರಿಗಳನ್ನ ಕಂಡರು, ಅರ್ಜಿ ಬರೆದರು. 1881ರಲ್ಲಿ ಸರ್ಕಾರ ಒಂದು ವಿಚಾರಣೆ ನಡೆಸಲೇಬೇಕಾಯ್ತು. ಅಲ್ಲಿ ಅಬೊರಿಜಿನಲ್ ಗಂಡಸರು, ಹೆಂಗಸರು ನಿಂತು ಸಾಕ್ಷಿ ಹೇಳಿದರು. ಅದಾಗಿ ಐದು ವರ್ಷಕ್ಕೆ, 1886ರಲ್ಲಿ, ಒಂದು ಕಾನೂನು ಬಂತು. ಬಿಳಿಯರ ರಕ್ತ ಸ್ವಲ್ಪ ಬೆರೆತಿರೋ, 35 ವರ್ಷದೊಳಗಿನವರೆಲ್ಲ ಇಂಥ ನೆಲೆಗಳನ್ನ ಬಿಟ್ಟು ಹೊರಗೆ ಹೋಗಬೇಕು ಅಂತ. ಅಂದ್ರೆ ದುಡಿಯೋ ವಯಸ್ಸಿನವರೆಲ್ಲ ಆಚೆಗೆ. ಮನೆಗಳು ಒಡೆದವು, ಕೊರಾಂಡರ್ಕ್ ಬಡವಾಯ್ತು, 1924ರಲ್ಲಿ ಮುಚ್ಚಿತು. ಆ ಹೋರಾಟದಲ್ಲಿ ಇದ್ದವರ ಕುಡಿ ನಮ್ಮ ಜಾಕ್. ಇದನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತೆ.

ಮಕ್ಕಳನ್ನ ಕಿತ್ತುಕೊಳ್ಳೋ ಪದ್ಧತಿ ಇಡೀ ಆಸ್ಟ್ರೇಲಿಯಾದಲ್ಲಿ ನಡೆದಿತ್ತು. 1997ರಲ್ಲಿ ಅಲ್ಲಿನ ಮಾನವ ಹಕ್ಕು ಆಯೋಗ ಒಂದು ವರದಿ ಕೊಟ್ಟಿತು. 1910ರಿಂದ 1970ರವರೆಗೆ, ಬೇರೆ ಬೇರೆ ಪ್ರದೇಶಗಳಲ್ಲಿ, ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದರಷ್ಟು ಮೂಲನಿವಾಸಿ ಮಕ್ಕಳನ್ನ ಮನೆಯವರಿಂದ ಬೇರ್ಪಡಿಸಿದ್ದರು ಅಂತ ಅದರ ಅಂದಾಜು. ಇವರನ್ನ ಆಸ್ಟ್ರೇಲಿಯಾದಲ್ಲಿ ಸ್ಟೋಲನ್ ಜನರೇಷನ್ಸ್ ಅಂತಾರೆ. ನಮ್ಮ ಮಾತಲ್ಲಿ, ಕದ್ದೊಯ್ದ ತಲೆಮಾರುಗಳು.

ಬಾಕ್ಸ್ ಹಿಲ್‌ನ ಒಂಟಿ ಹುಡುಗ

ಜಾಕ್ ಬೆಳೆದಿದ್ದು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ, ಸಾಲ್ವೇಷನ್ ಆರ್ಮಿಯವರು ನಡೆಸ್ತಿದ್ದ ಹುಡುಗರ ಆಶ್ರಮದಲ್ಲಿ. ಅಷ್ಟು ಹುಡುಗರ ನಡುವೆ ಕಪ್ಪು ಹುಡುಗ ಇವರೊಬ್ಬರೇ. ನೀನು ಅನಾಥ ಅಂತ ಹೇಳಿಕೊಟ್ಟಿದ್ದರು, ಅದನ್ನೇ ನಂಬಿದ್ದರು. ಅಬೊರಿಜಿನಲ್ ಅಂದ್ರೇನು ಅಂತಲೂ ಯಾರೂ ಹೇಳಿರಲಿಲ್ಲ. ಅಲ್ಲಿ ಹೊಡೆತ ಇತ್ತು, ಲೈಂಗಿಕ ದೌರ್ಜನ್ಯವೂ ಇತ್ತು. ಇದನ್ನ ಅವರು ದೊಡ್ಡವರಾದ ಮೇಲೆ ಬಹಿರಂಗವಾಗಿ, ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ.

ಆಶ್ರಮದಿಂದ ಹೊರಬಂದಾಗ ಒಂದು ಬಿಳಿಯರ ಮನೆಯಲ್ಲಿ ಸಾಕುಮಗನಾಗಿ ಇರಿಸಿದರು. ಗಾಜಿಗೆ ಅಂಚು ಹೊಡೆಯೋ ಕೆಲಸ ಕಲಿಯೋಕೆ ಸೇರಿಕೊಂಡರು. ಹದಿನೇಳರ ಆಸುಪಾಸಿನಲ್ಲಿ ಒಂದು ದಿನ, ಸಂಬಳ ಜೇಬಿಗೆ ಹಾಕ್ಕೊಂಡು ಫಿಟ್ಜ್‌ರಾಯ್ ಅನ್ನೋ ಬಡಾವಣೆಗೆ ಹೋದರು. ಮೆಲ್ಬರ್ನ್‌ನ ಅಬೊರಿಜಿನಲ್ ಜನ ಆಗ ಹೆಚ್ಚಾಗಿ ಸೇರ್ತಿದ್ದ ಜಾಗ ಅದು. ಅಲ್ಲಿನ ಪಬ್ಬಿನಲ್ಲಿ ಕೂತವರು ಹುಡುಗನ ಮುಖ ನೋಡಿದ್ದೇ ತಡ, ಗುರುತು ಹಿಡಿದರು. ನೀನು ಇಂಥವಳ ಮಗ ಅಲ್ವಾ ಅಂದರು. ನಿನ್ನ ತಾಯಿ ಬದುಕಿದ್ದಾಳೆ, ಸ್ವಾನ್ ಹಿಲ್‌ನಲ್ಲಿದ್ದಾಳೆ ಅಂದರು.

ಸ್ವಲ್ಪ ಯೋಚನೆ ಮಾಡಿ. ಹದಿನೇಳು ವರ್ಷ ಅನಾಥ ಅಂದುಕೊಂಡಿದ್ದ ಹುಡುಗನಿಗೆ ಒಂದೇ ಸಂಜೆಯಲ್ಲಿ ತಾಯಿ, ಬಂಧುಗಳು, ಒಂದು ಜನಾಂಗ, ಎಲ್ಲ ಒಟ್ಟಿಗೆ ಸಿಕ್ಕಿಬಿಡ್ತು. ಖುಷಿಯಿಂದ ಮನೆಗೆ ಬಂದು ಹೇಳಿದರೆ ಏನಾಯ್ತು? ಸಾಕುತಾಯಿ ಜೊತೆ ಜಗಳ ಆಯ್ತು, ಪೊಲೀಸರು ಬಂದರು. ಹುಡುಗನನ್ನ ಬಾಲಾಪರಾಧಿಗಳನ್ನ ಇಡೋ ಟುರಾನಾ ಅನ್ನೋ ಕೇಂದ್ರಕ್ಕೆ ಹಾಕಿದರು. ಕಾನೂನಿನ ಕಣ್ಣಲ್ಲಿ ಅವನು ಇನ್ನೂ ಸರ್ಕಾರದ ಸುಪರ್ದಿಯಲ್ಲಿದ್ದ. ತನ್ನವರನ್ನ ಹುಡುಕಿಕೊಂಡು ಹೋಗಿದ್ದಕ್ಕೆ ಸಿಕ್ಕಿದ ಶಿಕ್ಷೆ ಇದು. ಜಾಕ್ ಆಮೇಲೆ ತಾಯಿಯನ್ನ ಭೇಟಿಯಾದರು. ಆದರೆ ಕಳೆದುಹೋದ ವರ್ಷಗಳು ಒಂದು ಭೇಟಿಯಲ್ಲಿ ಸಿಗೋದಿಲ್ಲವಲ್ಲ.

ನಾಟಕ ಸಿಕ್ಕಿದ್ದು

ರಂಗಭೂಮಿ ಅವರನ್ನ ಹುಡುಕಿಕೊಂಡು ಬಂತು ಅಂತಲೇ ಹೇಳಬೇಕು. ಮೆಲ್ಬರ್ನ್‌ನಲ್ಲಿ ನ್ಯೂ ಥಿಯೇಟರ್ ಅಂತ ಎಡಪಂಥೀಯರ ಒಂದು ಹವ್ಯಾಸಿ ತಂಡ. 60ರ ದಶಕದಲ್ಲಿ ಅವರು 'ಎ ರೈಸಿನ್ ಇನ್ ದ ಸನ್' ಆಡಿಸೋಕೆ ಹೊರಟರು. ಅಮೆರಿಕದ ಕಪ್ಪು ಕುಟುಂಬವೊಂದರ ಮೇಲೆ ಲೊರೇನ್ ಹ್ಯಾನ್ಸ್‌ಬೆರಿ ಬರೆದ ನಾಟಕ ಅದು. ಕಪ್ಪು ನಟರು ಬೇಕಿತ್ತು, ಹುಡುಕ್ತಾ ಬಂದವರಿಗೆ ಜಾಕ್ ಸಿಕ್ಕರು. ಹಗಲು ಗಾಜಿನ ಫ್ಯಾಕ್ಟರಿ, ರಾತ್ರಿ ತಾಲೀಮು. ನಟನಾ ಶಾಲೆ ಮೆಟ್ಟಿಲು ಹತ್ತಿದವರಲ್ಲ ಅವರು. ಆ ತಂಡವೇ ಅವರ ಶಾಲೆ.

ಇಲ್ಲಿ ಕಾಲವನ್ನ ಗಮನಿಸಬೇಕು. 1967ರ ಮೇ 27ರಂದು ಆಸ್ಟ್ರೇಲಿಯಾದಲ್ಲಿ ಒಂದು ಜನಮತಗಣನೆ ನಡೀತು. ಮೂಲನಿವಾಸಿಗಳನ್ನ ಜನಗಣತಿಯ ಲೆಕ್ಕಕ್ಕೆ ಸೇರಿಸೋಕೆ, ಅವರಿಗಾಗಿ ಕೇಂದ್ರ ಸರ್ಕಾರ ಕಾನೂನು ಮಾಡೋಕೆ ಸಂವಿಧಾನ ತಿದ್ದಬೇಕಾ ಅನ್ನೋದು ಪ್ರಶ್ನೆ. ಶೇ 90ಕ್ಕೂ ಹೆಚ್ಚು ಜನ ಹೌದು ಅಂದರು. ಅದರ ಬೆನ್ನಲ್ಲೇ ಹೊಸ ತಲೆಮಾರಿನ ಅಬೊರಿಜಿನಲ್ ಯುವಕರು ಬೀದಿಗಿಳಿದರು. ನಮ್ಮ ಕಥೆ ನಾವೇ ಹೇಳ್ತೀವಿ ಅನ್ನೋ ಮಾತು ಕೇಳಿಬಂತು.

1971ರಲ್ಲಿ ಜಾಕ್ ಚಾರ್ಲ್ಸ್ ಮತ್ತು ಅವರ ಗೆಳೆಯ, ನಟ ಬಾಬ್ ಮಜಾ, ಇಬ್ಬರೂ ಸೇರಿ ನಿಂದೆತಾನಾ ಅನ್ನೋ ತಂಡ ಕಟ್ಟಿದರು. ಆಸ್ಟ್ರೇಲಿಯಾದ ಮೊದಲ ಅಬೊರಿಜಿನಲ್ ನಾಟಕ ತಂಡ ಅಂತ ಅದನ್ನ ಗುರುತಿಸ್ತಾರೆ. ಕಾರ್ಲ್‌ಟನ್‌ನಲ್ಲಿ ಪ್ರ್ಯಾಮ್ ಫ್ಯಾಕ್ಟರಿ ಅಂತ ಒಂದು ಜಾಗ. ಹೆಸರೇ ಹೇಳೋ ಹಾಗೆ, ಮಕ್ಕಳ ತಳ್ಳುಗಾಡಿ ತಯಾರಾಗ್ತಿದ್ದ ಹಳೇ ಕಾರ್ಖಾನೆ. ಅದೇ ಇವರ ರಂಗಮಂಚ. 1972ರಲ್ಲಿ ಅಲ್ಲಿ ಆಡಿದ ಇವರ ಮೊದಲ ಯಶಸ್ವಿ ನಾಟಕದ ಹೆಸರು 'ಜಾಕ್ ಚಾರ್ಲ್ಸ್ ಈಸ್ ಅಪ್ ಅಂಡ್ ಫೈಟಿಂಗ್'. ಎದ್ದು ನಿಂತಿದ್ದಾನೆ, ಹೋರಾಡ್ತಿದ್ದಾನೆ ಅಂತ.

ಅದೇ ಹೊತ್ತಿಗೆ ಟೀವಿಯಲ್ಲಿ 'ಬೋನಿ' ಅನ್ನೋ ಪತ್ತೇದಾರಿ ಧಾರಾವಾಹಿ ತಯಾರಾಗ್ತಿತ್ತು. ನಾಯಕ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್. ಅಪ್ಪ ಬಿಳಿಯ, ತಾಯಿ ಅಬೊರಿಜಿನಲ್. ಜಾಕ್ ಆಡಿಷನ್ ಕೊಟ್ಟರು. ನೀಲಿ ಕಣ್ಣಿನವರು ಬೇಕು ಅನ್ನೋ ಉತ್ತರ ಬಂತು. ಕೊನೆಗೆ ಆ ಪಾತ್ರ ಸಿಕ್ಕಿದ್ದು ಜೇಮ್ಸ್ ಲಾರೆನ್‌ಸನ್ ಅನ್ನೋ ನ್ಯೂಜಿಲೆಂಡ್‌ನ ಬಿಳಿ ನಟನಿಗೆ. ಅವರ ಮುಖಕ್ಕೆ ಕಂದು ಬಣ್ಣ ಬಳಿದು ಅಬೊರಿಜಿನಲ್ ಮಾಡಿದರು! ಜಾಕ್ ಈ ಪ್ರಸಂಗವನ್ನ ಮುಂದೆ ನಗುನಗ್ತಾನೇ ಹೇಳ್ತಿದ್ರು. ಆದರೆ ಆ ನಗುವಿನ ಹಿಂದಿನ ಲೆಕ್ಕ ನೋಡಿ. ಅಬೊರಿಜಿನಲ್ ಪಾತ್ರಗಳೇ ಅಪರೂಪ. ಬಂದ ಒಂದು ನಾಯಕನ ಪಾತ್ರವೂ ಬೇರೆಯವರ ಪಾಲು.

ಆದರೂ ಕೆಲಸ ನಿಲ್ಲಲಿಲ್ಲ. ಒಪೇರಾ ಹೌಸ್‌ನಲ್ಲಿ ಬೆನ್ನೆಲಾಂಗ್ ಆದರು. ಅದೇ ನಾಟಕದಲ್ಲಿ ಆಗಿನ್ನೂ ಯುವಕನಾಗಿದ್ದ ಡೇವಿಡ್ ಗುಲ್ಪಿಲಿಲ್ ಕೂಡ ಇದ್ದರು, ಮುಂದೆ ಜಗತ್ತಿಗೆಲ್ಲ ಗೊತ್ತಾದ ನಟ. 1978ರಲ್ಲಿ ಫ್ರೆಡ್ ಶೆಪಿಸಿ ನಿರ್ದೇಶನದ 'ದ ಚಾಂಟ್ ಆಫ್ ಜಿಮ್ಮಿ ಬ್ಲ್ಯಾಕ್‌ಸ್ಮಿತ್' ಸಿನಿಮಾದಲ್ಲಿ ಪಾತ್ರ ಮಾಡಿದರು. ಆಸ್ಟ್ರೇಲಿಯಾದ ಸಿನಿಮಾ ಚರಿತ್ರೆಯಲ್ಲಿ ಇವತ್ತಿಗೂ ಮಾತಾಡೋ ಚಿತ್ರ ಅದು.

ಇನ್ನೊಂದು ಬದುಕು

ಈಗ ಇನ್ನೊಂದು ಟ್ರ್ಯಾಕ್‌ಗೆ ಬರ್ತೀನಿ. ಇದೆಲ್ಲ ನಡೀತಿದ್ದಾಗಲೇ ಜಾಕ್ ಹೆರಾಯಿನ್ ಚಟಕ್ಕೆ ಬಿದ್ದಿದ್ದರು. ಚಟಕ್ಕೆ ದುಡ್ಡು ಬೇಕು. ನಟನೆಯಿಂದ ಬರೋದು ಸಾಲಲ್ಲ, ದಿನಾ ಬರೋದೂ ಇಲ್ಲ. ಹಾಗಾಗಿ ರಾತ್ರಿ ಹೊತ್ತು ಮನೆ ನುಗ್ಗಿ ಕದಿಯೋದು ಶುರುವಾಯ್ತು. ಹೆಚ್ಚಾಗಿ ಕ್ಯೂ ಅನ್ನೋ ಶ್ರೀಮಂತರ ಬಡಾವಣೆಯಲ್ಲಿ. ಆ ನೆಲ ತನ್ನ ಪೂರ್ವಜರದ್ದು, ತಾನು ವಸೂಲಿ ಮಾಡ್ತಿರೋದು ಬಾಡಿಗೆ ಅಂತ ತಮಾಷೆ ಮಾಡ್ತಿದ್ದರು.

ಕೇಳೋಕೆ ಚೆನ್ನಾಗಿದೆ. ಆದರೆ ಇದನ್ನ ಹೀರೋಯಿಸಂ ಥರ ಹೇಳಿ ಮುಗಿಸೋಕೆ ನನಗೆ ಮನಸ್ಸಿಲ್ಲ. ಬೆಳಗ್ಗೆ ಎದ್ದು ಬಾಗಿಲು ಮುರಿದಿರೋದನ್ನ ನೋಡಿದ ಮನೆಯವರಿಗೆ ಅದು ಬಾಡಿಗೆ ಅನಿಸಿರಲ್ಲ. ಜಾಕ್‌ಗೂ ಅದು ಗೊತ್ತಿತ್ತು. ನಾನು ಇವರನ್ನ ಮೆಚ್ಚೋದು ಬಾಡಿಗೆಯ ಜೋಕ್‌ಗಾಗಿ ಅಲ್ಲ. ತಾನು ಏನು ಮಾಡಿದೆ ಅನ್ನೋದನ್ನ ಅವರು ಎಲ್ಲೂ ಮುಚ್ಚಿಡಲಿಲ್ಲ, ಯಾಕೆ ಹಾಗಾಯ್ತು ಅನ್ನೋದನ್ನೂ ಬಿಡಲಿಲ್ಲ. ಸಾಮಾನ್ಯವಾಗಿ ನಾವು ಎರಡರಲ್ಲಿ ಒಂದನ್ನ ಮಾತ್ರ ಹೇಳ್ತೀವಿ. ಅಪರಾಧಿ ಅಂದ್ಮೇಲೆ ಹಿನ್ನೆಲೆ ಕೇಳಲ್ಲ. ಸಂತ್ರಸ್ತ ಅಂದ್ಮೇಲೆ ಅಪರಾಧದ ಮಾತೆತ್ತಲ್ಲ. ಜಾಕ್ ಎರಡನ್ನೂ ಒಟ್ಟಿಗೆ ಇಟ್ಟರು.

ಜೈಲು ಅವರಿಗೆ ಹೊಸ ಜಾಗ ಆಗಿರಲಿಲ್ಲ. ಹುಟ್ಟಿದಾಗಿನಿಂದ ಸಂಸ್ಥೆಗಳಲ್ಲೇ ಬೆಳೆದವರಿಗೆ ಗಂಟೆ ಹೊಡೆದಾಗ ಊಟ, ಗಂಟೆ ಹೊಡೆದಾಗ ನಿದ್ದೆ ಅಭ್ಯಾಸ ಆಗಿಬಿಟ್ಟಿರುತ್ತೆ. ಹೊರಗೆ ಬಂದರೆ ಮನೆ ಇಲ್ಲ, ಎಷ್ಟೋ ರಾತ್ರಿ ಬೀದಿಯಲ್ಲೇ ಕಳೀತಿದ್ದರು. ಒಳಗೆ ಅವರು ಕುಂಬಾರಿಕೆ ಕಲಿತರು. ಎಷ್ಟು ಚೆನ್ನಾಗಿ ಅಂದ್ರೆ ಬೇರೆ ಕೈದಿಗಳಿಗೂ ಹೇಳಿಕೊಡೋ ಮಟ್ಟಿಗೆ. ಈ ಕುಂಬಾರನ ಚಕ್ರವೂ ಮುಂದೆ ರಂಗದ ಮೇಲೆ ಬರುತ್ತೆ.

ಕ್ಯಾಮೆರಾ ಮುಂದೆ ಸೂಜಿ

2000ದ ದಶಕದ ಶುರುವಿನಲ್ಲಿ ಅಮಿಯೆಲ್ ಕೋರ್ಟಿನ್-ವಿಲ್ಸನ್ ಅನ್ನೋ ಯುವ ನಿರ್ದೇಶಕ ಜಾಕ್ ಹಿಂದೆ ಕ್ಯಾಮೆರಾ ಹಿಡಿದು ಓಡಾಡೋಕೆ ಶುರು ಮಾಡಿದರು. ವರ್ಷಗಟ್ಟಲೆ. ಜಾಕ್ ಏನನ್ನೂ ಮರೆಮಾಡಲಿಲ್ಲ. ಕ್ಯಾಮೆರಾ ಎದುರೇ ಸೂಜಿ ಚುಚ್ಚಿಕೊಂಡರು. ತಾನು ನುಗ್ಗಿದ ಮನೆಗಳ ಬೀದಿಗಳನ್ನ ತೋರಿಸಿದರು. ಚಿತ್ರೀಕರಣದ ನಡುವೆಯೇ ಮತ್ತೆ ಜೈಲಿಗೂ ಹೋದರು. ಕೊನೆಗೆ ಚಟ ಬಿಟ್ಟರು, ಅರವತ್ತರ ಹರೆಯದಲ್ಲಿ. 2008ರಲ್ಲಿ ಆ ಸಾಕ್ಷ್ಯಚಿತ್ರ ಬಿಡುಗಡೆ ಆಯ್ತು. ಹೆಸರು 'ಬಾಸ್ಟರ್ಡಿ'. ಅಪ್ಪ ಯಾರಂತ ಗೊತ್ತಿಲ್ಲದವನನ್ನ ಜಗತ್ತು ಕರೆಯೋ ಬೈಗುಳವನ್ನೇ ತಲೆಬರಹ ಮಾಡಿಕೊಂಡ ಸಿನಿಮಾ.

ಅದೇ 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ಕದ್ದೊಯ್ದ ತಲೆಮಾರುಗಳ ಕ್ಷಮೆ ಕೇಳಿದರು. ಸರ್ಕಾರವೇ ಮಾಡಿದ ತಪ್ಪು ಅಂತ ಅಧಿಕೃತವಾಗಿ ಒಪ್ಪಿಕೊಂಡ ದಿನ ಅದು.

ಈಗ ಒಂದು ಪ್ರಾಕ್ಟಿಕಲ್ ಸಮಸ್ಯೆ ಎದುರಾಯ್ತು. ಜಾಕ್‌ಗೆ ಈಗ ಜೈಲುಗಳಿಗೆ ಹೋಗಬೇಕು. ಕೈದಿಯಾಗಿ ಅಲ್ಲ. ಒಳಗಿರೋ ಅಬೊರಿಜಿನಲ್ ಹುಡುಗರ ಜೊತೆ ಕೂತು ಮಾತಾಡಬೇಕು, ನನ್ನ ಹಾಗೆ ನಲವತ್ತು ವರ್ಷ ಕಳೀಬೇಡಿ ಅನ್ನಬೇಕು. ಆದರೆ ಅವರ ಕ್ರಿಮಿನಲ್ ದಾಖಲೆ ಅಡ್ಡ ಬಂತು. 22 ಸಲ ಸಲೀಸಾಗಿ ತೆರೆದುಕೊಂಡ ಜೈಲಿನ ಬಾಗಿಲು, ಒಳ್ಳೇ ಕೆಲಸಕ್ಕೆ ಬಂದಾಗ ಮುಚ್ಚಿಕೊಳ್ತು.

ಇದರಿಂದಲೇ ಒಂದು ನಾಟಕ ಹುಟ್ಟಿತು. 2010ರಲ್ಲಿ ಇಲ್ಬಿಜೆರಿ ಅನ್ನೋ ಅಬೊರಿಜಿನಲ್ ರಂಗತಂಡ ಮೆಲ್ಬರ್ನ್‌ನಲ್ಲಿ 'ಜಾಕ್ ಚಾರ್ಲ್ಸ್ ವರ್ಸಸ್ ದ ಕ್ರೌನ್' ಆಡಿತು. ಕ್ರೌನ್ ಅಂದ್ರೆ ಕಿರೀಟ, ಅಂದ್ರೆ ಪ್ರಭುತ್ವ. ಅಲ್ಲಿ ಸರ್ಕಾರ ಯಾರ ಮೇಲಾದರೂ ಕೇಸ್ ಹಾಕಿದರೆ ಕ್ರೌನ್ ವಿರುದ್ಧ ಇಂಥವರು ಅಂತ ಬರೀತಾರೆ. ಇಲ್ಲಿ ಉಲ್ಟಾ. ದೂರು ಕೊಡ್ತಾ ಇರೋದು ಜಾಕ್. ನಾಟಕಕಾರ ಜಾನ್ ರೊಮೆರಿಲ್ ಜೊತೆ ಸೇರಿ ಅವರೇ ಬರೆದಿದ್ದು. ನಿರ್ದೇಶನ ರೇಚೆಲ್ ಮಜಾ. ಹೌದು, 1971ರಲ್ಲಿ ಜಾಕ್ ಜೊತೆ ನಿಂದೆತಾನಾ ಕಟ್ಟಿದ ಬಾಬ್ ಮಜಾ ಅವರ ಮಗಳು. ಬಾಬ್ ಆಗಲೇ ತೀರಿಕೊಂಡಿದ್ದರು. ಅಪ್ಪನ ಗೆಳೆಯನನ್ನ ಮಗಳು ಮತ್ತೆ ರಂಗಕ್ಕೆ ತಂದರು.

ರಂಗದ ಮೇಲೆ ಒಂದು ಕುಂಬಾರನ ಚಕ್ರ, ಪಕ್ಕದಲ್ಲಿ ವಾದ್ಯ ನುಡಿಸೋರು, ಹಿಂದೆ ಪರದೆ. ಪರದೆ ಮೇಲೆ ಸಾಕ್ಷ್ಯಚಿತ್ರದ ದೃಶ್ಯಗಳು, ಸೂಜಿ ಚುಚ್ಚಿಕೊಳ್ತಿರೋ ಜಾಕ್. ಮುಂದೆ ಚಕ್ರದ ಮೇಲೆ ಮಣ್ಣು ತಿದ್ದುತ್ತಾ ಕೂತಿರೋ ಬಿಳಿ ಗಡ್ಡದ ಜಾಕ್. ಕೊನೆಯಲ್ಲಿ ಅವರು ಪ್ರೇಕ್ಷಕರನ್ನೇ ನ್ಯಾಯಾಲಯ ಮಾಡಿಕೊಂಡು ವಾದ ಮಂಡಿಸ್ತಾರೆ. ಶಿಕ್ಷೆ ಅನುಭವಿಸಿ ಮುಗಿಸಿದವನ ದಾಖಲೆ ಅಳಿಸಬೇಕು ಅಂತ. ಕೇಳೋಕೆ ಒಬ್ಬ ನಟನ ಖಾಸಗಿ ಬೇಡಿಕೆ ಥರ ಇದೆ, ಅಲ್ವಾ? ಅಲ್ಲ. ಹಳೇ ಶಿಕ್ಷೆಗಳನ್ನ ದಾಖಲೆಯಿಂದ ಕೈಬಿಡೋ ಕಾನೂನು ಆಸ್ಟ್ರೇಲಿಯಾದ ಬೇರೆ ರಾಜ್ಯಗಳಲ್ಲೆಲ್ಲ ಬಂದಮೇಲೂ ವಿಕ್ಟೋರಿಯಾದಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ಅದು ಪಾಸಾಗಿದ್ದು 2021ರಲ್ಲಿ. ಹಳೇ ತಪ್ಪು ಬೆನ್ನಿಗೆ ಅಂಟಿಕೊಂಡು ಕೆಲಸ ಸಿಗದ ಸಾವಿರಾರು ಜನರ ಪ್ರಶ್ನೆಯನ್ನ ಈ ನಾಟಕ ಹತ್ತು ವರ್ಷ ಮೊದಲೇ ಊರೂರಿಗೆ ಹೊತ್ತು ತಿರುಗಿತ್ತು. 2014ರಲ್ಲಿ ಲಂಡನ್‌ನ ಬಾರ್ಬಿಕನ್‌ನಲ್ಲೂ ಆಡಿದರು. ಕ್ರೌನ್‌ನ ಊರಿಗೇ ಹೋಗಿ ಕ್ರೌನ್ ಮೇಲೆ ದೂರು!

ಅಂಕಲ್ ಜಾಕ್

ಇಲ್ಲಿಂದ ಮುಂದೆ ಎಲ್ಲರಿಗೂ ಅವರು ಅಂಕಲ್ ಜಾಕ್. ನಮ್ಮಲ್ಲಿ ಈಗ ಯಾರಾದರೂ ಅಂಕಲ್ ಅಂದರೆ ಕೆಲವರಿಗೆ ಕೋಪ ಬರುತ್ತೆ, ವಯಸ್ಸಾಯ್ತು ಅಂತ ಹೇಳಿದ ಹಾಗೆ. ಅಬೊರಿಜಿನಲ್ ಜನರಲ್ಲಿ ಅದು ಗೌರವದ ಪದವಿ. ನಮ್ಮ ಹಳ್ಳಿಗಳಲ್ಲಿ ರಕ್ತಸಂಬಂಧ ಇಲ್ಲದಿದ್ದರೂ ಹಿರಿಯರನ್ನ ಕಾಕಾ, ಅಜ್ಜ, ದೊಡ್ಡಪ್ಪ ಅಂತೀವಲ್ಲ, ಹಾಗೆ. ಸಮುದಾಯ ಒಪ್ಪಿ ಕೊಡಬೇಕು. ಯಾವ ಮನೆಯೂ ಇಲ್ಲದೆ ಬೆಳೆದ ಹುಡುಗ ಒಂದು ಇಡೀ ಸಮುದಾಯದ ಹಿರಿಯ ಆಗಿದ್ದು ಹೀಗೆ.

ಎಪ್ಪತ್ತು ದಾಟಿದ ಮೇಲೆ ಟೀವಿ ಕೂಡ ಅವರ ಕಡೆ ತಿರುಗಿತು. 'ಕ್ಲೆವರ್‌ಮ್ಯಾನ್' ಅಂತ 2016ರಲ್ಲಿ ಬಂದ ಸರಣಿ, ಅಬೊರಿಜಿನಲ್ ಪುರಾಣದ ಎಳೆ ಹಿಡಿದು ಮಾಡಿದ ಸೂಪರ್‌ಹೀರೋ ಕಥೆ. ಅದರಲ್ಲಿ ಅಂಕಲ್ ಜಿಮ್ಮಿಯ ಪಾತ್ರ ಇವರದ್ದು. 'ಬ್ಲ್ಯಾಕ್ ಕಾಮಿಡಿ' ಹಾಸ್ಯ ಸರಣಿಯಲ್ಲಿ ಬಂದರು, 'ವುಲ್ಫ್ ಕ್ರೀಕ್' ಸರಣಿಯಲ್ಲಿ ಬಂದರು. 2015ರ ಹಾಲಿವುಡ್ ಚಿತ್ರ 'ಪ್ಯಾನ್'ನಲ್ಲಿ ಹ್ಯೂ ಜಾಕ್‌ಮನ್ ಇದ್ದ ತಾರಾಬಳಗದಲ್ಲಿ ಬುಡಕಟ್ಟಿನ ನಾಯಕನಾಗಿ ಕಾಣಿಸಿಕೊಂಡರು. 2019ರಲ್ಲಿ ಆತ್ಮಕಥೆ ಬಂತು. ಅದೇ ವರ್ಷ ಮೂಲನಿವಾಸಿ ಕಲಾವಿದರ ಜೀವಮಾನ ಸಾಧನೆಗೆ ಕೊಡೋ ರೆಡ್ ಓಕರ್ ಪ್ರಶಸ್ತಿಯೂ ಬಂತು.

ಎಲ್ಲ ಸರಿಹೋಯ್ತು ಅಂದುಕೊಳ್ತೀರಾ? 2016ನೇ ಸಾಲಿಗೆ ವಿಕ್ಟೋರಿಯಾದ ವರ್ಷದ ಹಿರಿಯ ಆಸ್ಟ್ರೇಲಿಯನ್ ಅನ್ನೋ ಗೌರವ ಇವರಿಗೆ ಸಿಕ್ಕಿತು. ಅದರ ಬೆನ್ನಲ್ಲೇ, 2015ರ ಕೊನೆಯ ತಿಂಗಳುಗಳಲ್ಲಿ, ಮೆಲ್ಬರ್ನ್‌ನಲ್ಲಿ ಟ್ಯಾಕ್ಸಿ ಹತ್ತೋಕೆ ಹೋದರೆ, ಮೊದಲು ದುಡ್ಡು ಕೊಟ್ಟರೆ ಮಾತ್ರ ಅಂದುಬಿಟ್ಟ ಡ್ರೈವರ್. ಮುಖ ನೋಡಿ. ರಾಜ್ಯ ಸನ್ಮಾನ ಮಾಡಿದ ಮುಖವೇ ಅದು. ಟೀವಿಯಲ್ಲಿ ಬರೋ ಮುಖವೇ ಅದು. ರಸ್ತೆ ಬದಿಯಲ್ಲಿ ಕೈ ತೋರಿಸಿ ನಿಂತಾಗ ಮಾತ್ರ ಬರೀ ಕಪ್ಪು ಮುಖ. ಸುದ್ದಿ ದೊಡ್ಡದಾಯ್ತು. ಜಾಕ್ ಅದನ್ನ ಸುಮ್ಮನೆ ನುಂಗಿಕೊಳ್ಳಲಿಲ್ಲ, ಬಹಿರಂಗವಾಗಿ ಮಾತಾಡಿದರು. ಹೆಸರಿಲ್ಲದ ಇತರರಿಗೆ ಇದು ದಿನಾ ಆಗೋ ಅನುಭವ ಅನ್ನೋದು ಆಗ ಎಷ್ಟೋ ಜನಕ್ಕೆ ಮೊದಲ ಸಲ ಕಿವಿಗೆ ಬಿತ್ತು.

ಅಪ್ಪನ ಹೆಸರು

2021ರಲ್ಲಿ ಜಾಕ್ ಒಂದು ಟೀವಿ ಕಾರ್ಯಕ್ರಮದಲ್ಲಿ ಭಾಗವಹಿಸಿದರು. 'ಹೂ ಡು ಯು ಥಿಂಕ್ ಯು ಆರ್' ಅಂತ, ಹೆಸರಾಂತ ವ್ಯಕ್ತಿಗಳ ವಂಶವೃಕ್ಷ ಹುಡುಕಿಕೊಡೋ ಕಾರ್ಯಕ್ರಮ. ಅಲ್ಲಿ ಅವರಿಗೆ ಅಪ್ಪನ ಹೆಸರು ಗೊತ್ತಾಯ್ತು. ಹಿಲ್ಟನ್ ಹ್ಯಾಮಿಲ್ಟನ್ ವಾಲ್ಷ್, ವಿರಾಜುರಿ ಅನ್ನೋ ಬುಡಕಟ್ಟಿನವರು. ಜಾಕ್‌ಗೆ ಆಗ 77 ವರ್ಷ. 'ಬಾಸ್ಟರ್ಡಿ' ಅನ್ನೋ ಹೆಸರಿನ ಸಿನಿಮಾದ ನಾಯಕನಿಗೆ ಅಪ್ಪ ಸಿಕ್ಕಿದ್ದು ಆ ಸಿನಿಮಾ ಬಂದು 13 ವರ್ಷ ಆದ್ಮೇಲೆ. ನಮಗೆ ಆಧಾರ್ ಫಾರಂನಲ್ಲೋ ಮಾರ್ಕ್ಸ್ ಕಾರ್ಡ್‌ನಲ್ಲೋ ಅಪ್ಪನ ಹೆಸರಿನ ಕಾಲಂ ತುಂಬೋಕೆ ಎರಡು ಸೆಕೆಂಡ್ ಸಾಕು. ಒಬ್ಬ ಮನುಷ್ಯ ಅದೇ ಕಾಲಂ ಖಾಲಿ ಇಟ್ಟುಕೊಂಡು ಹೆಚ್ಚುಕಡಿಮೆ ಇಡೀ ಜೀವನ ಕಳೆದ. ಖಾಲಿ ಮಾಡಿದ್ದು ಸರ್ಕಾರ.

ಈಗ ಕೊರಾಂಡರ್ಕ್ ನೆನಪಿಸಿಕೊಳ್ಳಿ. ವಿಕ್ಟೋರಿಯಾ ಸರ್ಕಾರ ಯೂರೂಕ್ ನ್ಯಾಯ ಆಯೋಗ ಅಂತ ಒಂದನ್ನ ರಚಿಸಿತು. ಬ್ರಿಟಿಷರು ಬಂದಾಗಿನಿಂದ ಮೂಲನಿವಾಸಿಗಳಿಗೆ ಆದ ಅನ್ಯಾಯಗಳನ್ನ ಅಧಿಕೃತವಾಗಿ ದಾಖಲಿಸೋ, ಸತ್ಯ ಹೇಳಿಸೋ ಆಯೋಗ. 2022ರ ಏಪ್ರಿಲ್‌ನಲ್ಲಿ ಅದರ ಮುಂದೆ ಸಾಕ್ಷಿ ಹೇಳಿದ ಮೊದಲ ಹಿರಿಯರು ಅಂಕಲ್ ಜಾಕ್. ನಾಲ್ಕು ತಿಂಗಳ ಕೂಸನ್ನ ಕಿತ್ತುಕೊಂಡಿದ್ದು, ಬಾಕ್ಸ್ ಹಿಲ್‌ನಲ್ಲಿ ಅನುಭವಿಸಿದ್ದು, ಎಲ್ಲವನ್ನೂ ಹೇಳಿದರು. 1881ರಲ್ಲಿ ಕೊರಾಂಡರ್ಕ್‌ನ ಜನ ಇಂಥದ್ದೇ ಒಂದು ಸರ್ಕಾರಿ ವಿಚಾರಣೆ ಮುಂದೆ ನಿಂತಿದ್ದರು. 141 ವರ್ಷ ಆದ್ಮೇಲೆ ಅವರ ಕುಡಿ ನಿಂತಿತು. ಈ ಸಲ ಮಾತಾಡಿದವರು ಇಡೀ ದೇಶಕ್ಕೆ ಪರಿಚಯ ಇದ್ದ ಧ್ವನಿಯವರು. ಕೇಳಿಸಲಿಲ್ಲ ಅಂತ ಹೇಳೋ ಹಾಗಿರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 13ರಂದು ಮೆಲ್ಬರ್ನ್‌ನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು, ಪಾರ್ಶ್ವವಾಯು ಆಗಿ. ವಯಸ್ಸು 79. ಅನೇಕ ಅಬೊರಿಜಿನಲ್ ಸಮುದಾಯಗಳಲ್ಲಿ ತೀರಿಕೊಂಡವರ ಹೆಸರು ಹೇಳೋದಿಲ್ಲ, ಫೋಟೋ ತೋರಿಸೋದಿಲ್ಲ. ಜಾಕ್ ಅವರ ಕುಟುಂಬದವರು ಹೆಸರು, ಚಿತ್ರ ಬಳಸೋಕೆ ಒಪ್ಪಿಗೆ ಕೊಟ್ಟರು. ನಾನು ಇವತ್ತು ಇಷ್ಟು ಸಲ ಅವರ ಹೆಸರು ಹೇಳೋಕೆ ಧೈರ್ಯ ಮಾಡಿದ್ದು ಅದರಿಂದಲೇ.

ಅಕ್ಟೋಬರ್ 18ರಂದು ಮೆಲ್ಬರ್ನ್‌ನ ದೊಡ್ಡ ಸಭಾಂಗಣ ಹ್ಯಾಮರ್ ಹಾಲ್‌ನಲ್ಲಿ ಸರ್ಕಾರಿ ಗೌರವದ ಅಂತಿಮ ವಿದಾಯ ನಡೀತು. ತಾಯಿಯಿಂದ ಕಿತ್ತುಕೊಂಡ, ಜೈಲಿಗೆ ಹಾಕಿದ ಅದೇ ಪ್ರಭುತ್ವ ಗೌರವ ಸಲ್ಲಿಸಿತು. ಆ ಕಾರ್ಯಕ್ರಮವನ್ನ ವಿಕ್ಟೋರಿಯಾದ ಜೈಲುಗಳಿಗೂ ನೇರ ಪ್ರಸಾರ ಮಾಡಿದರು. ಅಂಕಲ್ ಜಾಕ್ ಬಂದು ಮಾತಾಡಿಸಿಹೋಗಿದ್ದ ಹುಡುಗರು ಒಳಗಿದ್ದರಲ್ಲ, ಅವರೂ ನೋಡಲಿ ಅಂತ.

ನನಗೆ ಈ ಕಥೆಯಲ್ಲಿ ಇನ್ನೂ ಬಗೆಹರಿಯದ ಒಂದು ವಿಷಯ ಇದೆ. ಅದನ್ನ ನಿಮ್ಮ ಮುಂದೆ ಇಟ್ಟು ಮುಗಿಸ್ತೀನಿ. ಜಾಕ್ ಚಾರ್ಲ್ಸ್ ಕದ್ದಿದ್ದಕ್ಕೆ ಒಂದೊಂದಕ್ಕೂ ದಿನಾಂಕ ಇದೆ, ಕೇಸ್ ನಂಬರ್ ಇದೆ, ಶಿಕ್ಷೆ ಇದೆ. ಅವರನ್ನೇ ಕದ್ದಿದ್ದಕ್ಕೆ? ಕ್ಷಮೆ ಬಂತು, ಅದಕ್ಕೆ 64 ವರ್ಷ ಹಿಡೀತು. ಶಿಕ್ಷೆ ಯಾರಿಗೂ ಆಗಲಿಲ್ಲ. ಯಾಕಂದ್ರೆ ಆ ದಿನ ಅದು ಕಾನೂನೇ ಆಗಿತ್ತು. ಕಾನೂನೇ ಮಾಡಿದ ಕಳ್ಳತನಕ್ಕೆ ಯಾವ ಠಾಣೆಯಲ್ಲಿ ದೂರು ಕೊಡೋದು? ಬೇರೆ ಠಾಣೆ ಇರಲಿಲ್ಲ ಅಂತ ಆ ಮನುಷ್ಯ ನಾಟಕದ ವೇದಿಕೆ ಹತ್ತಿದರು ಅಂತ ನನಗನಿಸುತ್ತೆ. ನಿಮಗೇನನಿಸ್ತು ಅಂತ ನಮಗೆ ಬರೆದು ತಿಳಿಸಿ, ವಾಯ್ಸ್ ನೋಟ್ ಆದರೂ ಸರಿ. ಕಥೆ ಇಷ್ಟ ಆದರೆ ಒಬ್ಬ ಗೆಳೆಯನಿಗೋ ಗೆಳತಿಗೋ ಕಳಿಸಿ.